ರಾಬರ್ಟ್ ಬ್ರೂಸ್ ಫೂಟ್: ಸರ್ಕಾರಿ ಭೂವಿಜ್ಞಾನಿಯ ಸೇವಾವಧಿ

ಭಾರತದ ಪ್ರಾಗಿತಿಹಾಸದ ಚರ್ಚೆ ಶುರುವಾಗುವುದು ಸಾಮಾನ್ಯವಾಗಿ 1863ರ ಮೇ 30ರಿಂದ. ಅಂದು ಮದರಾಸಿನ ಹೊರಗಿನ ಪಲ್ಲಾವರದಲ್ಲಿ, ಕವಾಯತು ಮೈದಾನದ ಹತ್ತಿರ ಜಲ್ಲಿಗಾಗಿ ತೋಡಿದ್ದ ಗುಂಡಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್‌ಗೆ ಹಳೆ ಶಿಲಾಯುಗದ ಕಲ್ಲಿನ ಆಯುಧವೊಂದು ಸಿಕ್ಕಿತು. ಆಗ ಅವನಿಗೆ 28 ವರ್ಷ. ಭಾರತದ ಪ್ರಾಗಿತಿಹಾಸದ ಪಿತಾಮಹನೆಂದು ಅವನನ್ನು ಕರೆಯುವುದು ರೂಢಿಯಾಗಿದೆ. ಅವನು ಸಂಬಳ ಪಡೆಯುತ್ತಿದ್ದುದು ಬೇರೆ ಕೆಲಸಕ್ಕೆ ಎಂಬುದನ್ನು ಹೇಳುವವರು ಕಡಿಮೆ. ಅವನ ಪುರಾತತ್ವವನ್ನು ಬಿಡುವಿನ ಹವ್ಯಾಸವೆಂದು ಬಗೆದರೆ, ಅದಕ್ಕೆ ಬಲ ಬಂದದ್ದು ಎಲ್ಲಿಂದ ಎಂಬುದೇ ತಿಳಿಯುವುದಿಲ್ಲ.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದ. ಥಾಮಸ್ ಓಲ್ಡ್‌ಹ್ಯಾಮ್ 1851ರಲ್ಲಿ ಕಟ್ಟಲಾರಂಭಿಸಿದ ಈ ಇಲಾಖೆಯಿಂದ ಸರ್ಕಾರ ಬಯಸಿದ್ದು ಮುಖ್ಯವಾಗಿ ಕಲ್ಲಿದ್ದಲನ್ನು. ಒಣಹವೆಯ ತಿಂಗಳುಗಳಲ್ಲಿ ಡೇರೆ ಹಾಕಿಕೊಂಡು ಊರೂರು ಸುತ್ತುವುದು, ಉಳಿದ ದಿನಗಳಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆ, ವರದಿ ಸಿದ್ಧಪಡಿಸುವುದು: 33 ವರ್ಷ ಅವನ ಬದುಕು ಹೀಗೆಯೇ ಸಾಗಿತು. ಪಲ್ಲಾವರದ ಕಲ್ಲು ಕೈಗೆ ಬಂದಾಗಲೂ ಅವನು ಕೇಳಿಕೊಂಡದ್ದು ಸರ್ವೇಕ್ಷಕನ ಪ್ರಶ್ನೆಯನ್ನೇ: ಇದು ಯಾವ ಪದರದ್ದು? ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳು ಸಿಕ್ಕವು. ಅವುಗಳ ಪ್ರಾಚೀನತೆಯನ್ನು ಅವನು ಅಳೆದದ್ದು ಜಂಬಿಟ್ಟಿಗೆಯ ಪದರಗಳ ಆಧಾರದ ಮೇಲೆ.

ಕನ್ನಡನಾಡಿನ ಮಟ್ಟಿಗೆ ಅವನ ದೊಡ್ಡ ಕೆಲಸ ಬೇರೆಯೇ ಇದೆ. ಗೋಕಾಕದ ಬಳಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು ಅವನು 1874ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ. ಅದೇ ವರ್ಷ ಡಂಬಳದ ಗುಡ್ಡಗಳ, ಅಂದರೆ ಕಪ್ಪತಗುಡ್ಡದ ಸೀಮೆಯ, ಚಿನ್ನದ ಶಿಲೆಗಳ ಬಗ್ಗೆ ಬರೆದ. ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಗಳ ಭೂರಚನೆಯನ್ನು ಕುರಿತ ಅವನ ಗ್ರಂಥ 1876ರಲ್ಲಿ ಹೊರಬಂತು. ಹತ್ತು ವರ್ಷಗಳ ನಂತರ, ಅಲ್ಲಿಯವರೆಗೆ ನೈಸ್ ಎಂಬ ಶಿಲೆಗಳೊಂದಿಗೆ ಒಟ್ಟಾಗಿ ಎಣಿಸುತ್ತಿದ್ದ ಸಿಸ್ಟ್ ಎಂಬ ಶಿಲೆಯ ಪಟ್ಟಿಗಳನ್ನು ಬೇರ್ಪಡಿಸಿ 'ಧಾರವಾಡ ಶಿಲಾವ್ಯೂಹ' ಎಂದು ಹೆಸರಿಟ್ಟ. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇರುವುದು ಈ ಶಿಲೆಗಳಲ್ಲೇ ಎಂದೂ ತೋರಿಸಿದ. ಕೋಲಾರ, ಹಟ್ಟಿ, ಗದಗ ಮೂರೂ ಇಂಥ ಪಟ್ಟಿಗಳ ಮೇಲೆಯೇ ಇವೆ.

ಧಾರವಾಡ ಶಿಲೆಗಳು ನೈಸ್‌ಗಿಂತ ಕಿರಿಯವು, ಅದರ ಮೇಲೆ ನೆಲೆಗೊಂಡಂಥವು ಎಂಬುದು ಫೂಟ್‌ನ ನಿಲುವು. ಮುಂದೆ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ.ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದ. ಧಾರವಾಡವೇ ಹಿರಿಯದು, ನೈಸ್ ಅದರೊಳಗೆ ನುಗ್ಗಿದ್ದು ಎಂದ. ದಶಕಗಳ ಕಾಲ ಸ್ಮೀತ್‌ನ ಮಾತೇ ನಡೆಯಿತು. ಹಳೆಯ ನೈಸ್‌ನ ತಳಹದಿಯ ಮೇಲೆ ಧಾರವಾಡದ ಬಹುಭಾಗ ನಿಕ್ಷೇಪಗೊಂಡಿತು ಎಂಬ ಇಂದಿನ ತಿಳಿವಳಿಕೆ ಫೂಟ್‌ಗೇ ಹತ್ತಿರ. ಪ್ರಯೋಗಾಲಯದ ಕಾಲನಿರ್ಣಯವಿಲ್ಲದ ಕಾಲದಲ್ಲಿ, ಬರಿಗಣ್ಣು ಮತ್ತು ಸುತ್ತಿಗೆಯ ಬಲದಿಂದ ಮುಟ್ಟಿದ ತೀರ್ಮಾನವಿದು.

ಬಳ್ಳಾರಿ ಸೀಮೆಯ ಬೂದಿಗುಡ್ಡಗಳ ವಿಷಯದಲ್ಲೂ ಹೀಗೇ ಆಯಿತು. ಹಂಪಿಯ ಬಳಿಯ ನಿಂಬಾಪುರದ ಬೂದಿರಾಶಿಯನ್ನು ಜನ ವಾಲಿಯ ಚಿತಾಭಸ್ಮವೆನ್ನುತ್ತಾರೆ. ಕುಡತಿನಿಯ ದಿಬ್ಬದ ಬಗ್ಗೆ ವಿದ್ವಾಂಸರ ಊಹೆಗಳಿಗೂ ಕೊರತೆಯಿರಲಿಲ್ಲ. ಫೂಟ್ ಬೂದಿಯನ್ನು ಪರೀಕ್ಷಿಸಿ, ಇದು ನವಶಿಲಾಯುಗದ ದನಗಾಹಿಗಳು ಸಾಕಿದ ದನಗಳ ಸಗಣಿ ಸುಟ್ಟು ಉಳಿದದ್ದು ಎಂದ. ಮುಂದೆ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1957ರಲ್ಲಿ ಉಟ್ನೂರಿನ ಬೂದಿಗುಡ್ಡವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡವು. (ಪುರಾಣ ಕೇಳಿದಷ್ಟು ಆಸಕ್ತಿಯಿಂದ ಸಗಣಿಯ ಕಥೆಯನ್ನು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.)

1891ರಲ್ಲಿ ನಿವೃತ್ತನಾದ ಮೇಲೆ ಬರೋಡಾ ಸಂಸ್ಥಾನಕ್ಕೆ ದುಡಿದ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥನಾದ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ಗ್ರಂಥ 1895ರಲ್ಲಿ ಅಚ್ಚಾಯಿತು. ಜೀವಮಾನದ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅವನು ಬರೆದ ಅದರ ಪಟ್ಟಿಯಲ್ಲಿ ವಸ್ತುವಿನ ಜೊತೆಗೆ ಸಿಕ್ಕ ಸ್ಥಳದ ದಾಖಲೆಯಿದೆ. ಬರಿಯ ಹವ್ಯಾಸಿ ಸಂಗ್ರಾಹಕರಿಗೆ ಈ ಶಿಸ್ತು ಅಪರೂಪ. ಅದು ಬಂದದ್ದು ಇಲಾಖೆಯ ದಿನಚರಿ ಪುಸ್ತಕದಿಂದ ಎಂದೇ ನನ್ನ ಅಭಿಪ್ರಾಯ. ನಂತರದ ಸಂಶೋಧಕರಿಗೆ ಆ ನೆಲೆಗಳ ದಾರಿ ತೋರಿಸಿದ್ದೂ ಅದೇ ಪಟ್ಟಿ. ಫೂಟ್ 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ತೀರಿಕೊಂಡ.

ಬಳ್ಳಾರಿಯಲ್ಲಿ ಇಂದು ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ನವಶಿಲಾಯುಗದ ನೆಲೆಗಳಿರುವ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳು ಕಲ್ಲುಗಣಿಗಾರಿಕೆಯ ಹೊಡೆತ ತಿಂದಿವೆ. ಅಳಿದುಳಿದ ನೆಲೆಗಳ ರಕ್ಷಣೆಗೆ ಸರ್ಕಾರ ಮುಂದಾಗಬೇಕು.