ಬೆಂಕಿಗೆ ಹೆದರಿ ಕಟ್ಟಿದ ಚಿತ್ರಮಂದಿರ

ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಸಂತೆಯ ನಡುವೆ ಒಂದು ಹಳೇ ಚಿತ್ರಮಂದಿರ ಇದೆ. ಹೆಸರು ಎಲೆಕ್ಟ್ರಿಕ್ ಸಿನಿಮಾ. ಬಾಗಿಲು ತೆರೆದದ್ದು 1911ರ ಫೆಬ್ರವರಿಯಲ್ಲಿ. ಆಗ ವಿದ್ಯುತ್ತೇ ಒಂದು ಬೆರಗು, ಅದಕ್ಕೇ ಆ ಹೆಸರು. ಸಿನಿಮಾ ತೋರಿಸೋಕೆ ಅಂತಲೇ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಇದೂ ಒಂದು.

ಅದಕ್ಕೆ ಮುಂಚೆ ಜನ ಸಿನಿಮಾ ಎಲ್ಲಿ ನೋಡ್ತಿದ್ದರು? ಜಾತ್ರೆಯ ಡೇರೆಯಲ್ಲಿ, ನಾಟಕಶಾಲೆಯಲ್ಲಿ, ಖಾಲಿ ಬಿದ್ದ ಅಂಗಡಿಯಲ್ಲಿ. ನಮ್ಮ ಟೂರಿಂಗ್ ಟಾಕೀಸ್ ಇತ್ತಲ್ಲ, ಹೆಚ್ಚುಕಡಿಮೆ ಹಾಗೇ. ಪ್ರೊಜೆಕ್ಟರ್ ಜನರ ಮಧ್ಯದಲ್ಲೇ ನಿಂತಿರುತ್ತಿತ್ತು. ಅಪಾಯ ಇದ್ದದ್ದೂ ಅಲ್ಲೇ.

1897ರ ಮೇ 4ರಂದು ಪ್ಯಾರಿಸ್ಸಿನಲ್ಲಿ ಬಡವರ ಸಹಾಯಾರ್ಥ ನಡೆದ ಮೇಳವೊಂದರಲ್ಲಿ, ಪ್ರೊಜೆಕ್ಟರ್ ದೀಪಕ್ಕೆ ಬಳಸುತ್ತಿದ್ದ ಈಥರ್‌ಗೆ ಕಿಡಿ ತಾಗಿತು. ಮರ, ಬಟ್ಟೆಯ ಕಟ್ಟಡ ನಿಮಿಷಗಳಲ್ಲಿ ಉರಿದುಹೋಯಿತು. ಸತ್ತವರು 120ಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ದೀಪ ಸುರಕ್ಷಿತ ಅಂದುಕೊಂಡರೂ ರೀಲಿನ ಭಯ ತಪ್ಪುತ್ತಿರಲಿಲ್ಲ. ಆ ಕಾಲದ ರೀಲು ನೈಟ್ರೇಟಿನದು. ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇರುತ್ತೆ. ನೀರಿನಲ್ಲಿ ಮುಳುಗಿಸಿದರೂ ಆರೋದಿಲ್ಲ!

ಹಾಗಾಗಿ ಬ್ರಿಟನ್ 1909ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಂದಿತು. 1910ರ ಜನವರಿಯಿಂದ ಜಾರಿ. ಪ್ರೊಜೆಕ್ಟರ್ ಬೆಂಕಿ ತಡೆಯುವ ಪ್ರತ್ಯೇಕ ಗೂಡಿನಲ್ಲಿರಬೇಕು, ಸ್ಥಳೀಯ ಆಡಳಿತದಿಂದ ಲೈಸೆನ್ಸ್ ತಗೋಬೇಕು. ಬಾಡಿಗೆ ಅಂಗಡಿಯಲ್ಲಿ ಇದೆಲ್ಲ ಕಷ್ಟ. ಹೊಸದಾಗಿ ಕಟ್ಟೋದೇ ಸುಲಭ ಅನ್ನಿಸಿತು. ಕೆಲವೇ ವರ್ಷಗಳಲ್ಲಿ ಊರೂರಿಗೂ ಚಿತ್ರಮಂದಿರ ಎದ್ದಿತು.

ಜೆರಾಲ್ಡ್ ಸೀಮೋರ್ ವ್ಯಾಲೆಂಟಿನ್ ವಿನ್ಯಾಸ ಮಾಡಿದ ಎಲೆಕ್ಟ್ರಿಕ್ ಈ ಅಲೆಯದೇ ಕೂಸು. ಸುಮಾರು 600 ಆಸನ. ನಾಟಕಶಾಲೆಯಂತೆ ಆಳವಾದ ರಂಗಸ್ಥಳ, ಬಣ್ಣದ ಕೋಣೆ ಇದಕ್ಕೆ ಬೇಕಿಲ್ಲ. ಉದ್ದನೆಯ ಹಜಾರ, ಒಂದು ತುದಿಗೆ ಪರದೆ, ಇನ್ನೊಂದು ತುದಿಗೆ ಯಂತ್ರ, ಅಷ್ಟೇ. ಆದರೆ ಸಿನಿಮಾ ಅಂದರೆ ಜಾತ್ರೆ ಆಟ ಅಂತ ಮೂಗು ಮುರಿಯುತ್ತಿದ್ದ ಮಧ್ಯಮ ವರ್ಗವನ್ನೂ ಒಳಗೆ ಕರೀಬೇಕಲ್ಲ? ಅದಕ್ಕೇ ಕಮಾನು ಚಾವಣಿ, ಗಾರೆಯ ಕುಸುರಿ, ಪರದೆ ಸುತ್ತ ಅಲಂಕಾರದ ಚೌಕಟ್ಟು. ಒಳಗಡೆ ಬೆಂಕಿಯ ಭಯ, ಮೇಲೆ ಅರಮನೆಯ ವೇಷ. ಮುಂದೆ ಬಂದ ಚಿತ್ರಮಂದಿರಗಳಿಗೂ ಇದೇ ಸೂತ್ರ ಆಯಿತು.

ಈ ಕಾಯ್ದೆಗೆ ಇನ್ನೊಂದು ಮುಖ ಇದೆ. ಲೈಸೆನ್ಸ್ ಕೊಡೋ ಅಧಿಕಾರ ಸಿಕ್ಕಿದ ಮೇಲೆ ಅಧಿಕಾರಿಗಳು ಕಟ್ಟಡ ನೋಡಿ ಸುಮ್ಮನಾಗಲಿಲ್ಲ, ಯಾವ ಚಿತ್ರ ತೋರಿಸ್ತೀರಿ ಅಂತಲೂ ಕೇಳತೊಡಗಿದರು. 1912ರಲ್ಲಿ ಅಲ್ಲಿ ಸೆನ್ಸಾರ್ ಮಂಡಳಿ ಹುಟ್ಟಿತು. 1918ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಇಂಥದ್ದೇ ಕಾಯ್ದೆ ಬಂತು: ಕಟ್ಟಡದ ಸುರಕ್ಷತೆ, ಚಿತ್ರದ ಪ್ರಮಾಣಪತ್ರ, ಎರಡೂ ಒಂದರಲ್ಲೇ. ಇಂದು ಸೆನ್ಸಾರ್ ಕತ್ತರಿ ಬಗ್ಗೆ ಜಗಳ ಆಡ್ತೀವಲ್ಲ, ಅದರ ಮೂಲ ಒಂದು ಅಗ್ನಿಸುರಕ್ಷತೆಯ ನಿಯಮ.

ಎರಡರಲ್ಲಿ ನಾವು ಮುತುವರ್ಜಿಯಿಂದ ಕಾಯ್ದುಕೊಂಡದ್ದು ಯಾವುದು? 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 'ಬಾರ್ಡರ್' ಓಡುತ್ತಿತ್ತು. ಚಿತ್ರಕ್ಕೆ ಪ್ರಮಾಣಪತ್ರ ಇತ್ತು. ಕೆಳಗಡೆ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಹತ್ತಿ ಹೊಗೆ ಬಾಲ್ಕನಿ ತುಂಬಿತು. ಹೆಚ್ಚುವರಿ ಸೀಟು ಹಾಕೋಕೆ ಅಂತ ಹೊರಹೋಗೋ ದಾರಿ ಮುಚ್ಚಿದ್ದರು. 59 ಜನ ಸತ್ತರು.

ಎಲೆಕ್ಟ್ರಿಕ್ ಮಾತ್ರ ಹೆಸರು ಬದಲಿಸಿಕೊಂಡು, ಮುಚ್ಚಿ, ತೆರೆದು, ಹೇಗೋ ಉಳಿದಿದೆ. ಈಗ ಅಲ್ಲಿ ಸೋಫಾ, ಮುಂದಿನ ಸಾಲಿಗೆ ಹಾಸಿಗೆ ಕೂಡ ಇದೆ. ನೈಟ್ರೇಟ್ ರೀಲು ಹೋಗಿ ದಶಕಗಳೇ ಆದವು. ಹೊರಗೆ ಹೋಗೋ ದಾರಿ ತೆರೆದಿದೆಯಾ ಅಂತ ನೋಡಿಕೊಳ್ಳೋ ಕೆಲಸ ಮಾತ್ರ ಯಾವ ಊರಿನಲ್ಲೂ ಹಳತಾಗಿಲ್ಲ.