ಮಳೆಗಾಲ, ಕುದುರೆ ಲಾಯ ಮತ್ತು ಖಾಲಿ ಕಾಡತೂಸು

ಮಳೆಗಾಲದಲ್ಲಿ ಸಾಸವಡ ದಾಟಿ ಪುರಂದರ ಕೋಟೆ ಹತ್ತುವ ಪುಣೆಯ ಕನ್ನಡಿಗರಿಗೆ 1665ರ ಒಪ್ಪಂದ ಗೊತ್ತು, ಮುರಾರಬಾಜಿಯ ಕತೆಯೂ ಗೊತ್ತು. ಅದೇ ಕೋಟೆಯಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗೆ ಆರೋಗ್ಯಧಾಮ ನಡೆಸುತ್ತಿದ್ದರು. ದಿವೇ ಘಾಟ್ ಇಳಿದು ಪುಣೆಯ ಆ ತುದಿಗೆ ಹೋದರೆ ಸಿಗುವ ಖಡಕಿಯಲ್ಲಿ ಅವರ ಮದ್ದುಗುಂಡು ಕಾರ್ಖಾನೆ 1869ರಲ್ಲೇ ಶುರುವಾಗಿತ್ತು. ಈ ಸೇನೆಗೆ ನಮ್ಮ ಮಳೆ ಒಂದು ಒಗಟು ಒಡ್ಡಿತು: ಸುಮ್ಮನೆ ಕೂತಿದ್ದ ಹಿತ್ತಾಳೆ ಕಾಡತೂಸುಗಳು ಒಂದು ಗುಂಡೂ ಹಾರಿಸದೆ ತಾವಾಗಿಯೇ ಸೀಳತೊಡಗಿದವು.

ಮಳೆಗಾಲದಲ್ಲಿ ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರ ಕೊಳೆತಾಗ ಅಮೋನಿಯಾ ಏಳುತ್ತದೆ, ತೇವದ ಗಾಳಿ ಅದನ್ನು ಹಿಡಿದಿಡುತ್ತದೆ, ಅದು ತಾಮ್ರವನ್ನು ಕರಗಿಸುತ್ತದೆ. ಇಷ್ಟೇ ಆಗಿದ್ದರೆ ಮೇಲ್ಮೈ ಮಾತ್ರ ಸವೆಯುತ್ತಿತ್ತು. ಆದರೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಬಿಲ್ಲೆಯನ್ನು ತಣ್ಣಗಿರುವಾಗಲೇ ಎಳೆದೆಳೆದು ಕೊಳವೆ ಮಾಡಿರುತ್ತಾರೆ. ಆ ಎಳೆತದ ಒತ್ತಡ ಲೋಹದೊಳಗೇ ಉಳಿದಿರುತ್ತದೆ. ಒಳಗಿನ ಒತ್ತಡ, ಹೊರಗಿನ ಅಮೋನಿಯಾ ಎರಡೂ ಸೇರಿದರೆ ಬಿರುಕು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಇದನ್ನು 1921ರಲ್ಲಿ ಬಿಡಿಸಿ ಹೇಳಿದರು. ಮದ್ದು ಸರಳ: ಹದವಾಗಿ ಕಾಯಿಸಿ ಒತ್ತಡ ಇಳಿಸುವುದು. ಇಂದಿಗೂ ಸೇನೆಯ ಕಾಡತೂಸಿನ ಕುತ್ತಿಗೆಯಲ್ಲಿ ಕಾಣುವ ನೀಲಿ ಕಲೆ ಆ ಬೆಂಕಿಯ ಗುರುತು.

ಹಾರಿಸಿದ ಖಾಲಿ ಕಾಡತೂಸನ್ನು ಮತ್ತೆ ತುಂಬುವವರಿಗೂ ಇದೇ ಪಾಠ. ಪ್ರತಿ ಹಾರಿಕೆಗೆ ಹಿತ್ತಾಳೆ ಉಬ್ಬುತ್ತದೆ, ಅಚ್ಚಿಗೆ ಹಾಕಿ ಅದನ್ನು ಮತ್ತೆ ಕುಗ್ಗಿಸಬೇಕು, ಕುತ್ತಿಗೆ ಗಡುಸಾಗುತ್ತದೆ. ಕುತ್ತಿಗೆಯನ್ನಷ್ಟೇ ಕಾಯಿಸಬೇಕು. ಬುಡ ಮೆತ್ತಗಾದರೆ ಒತ್ತಡ ತಡೆಯದೆ ಹಾರಿಸುವವನ ಮುಖಕ್ಕೇ ಬಂತು! ತೊಳೆಯಲು ಅಮೋನಿಯಾ ಇರುವ ಪಾಲಿಶ್ ಕೂಡದು. ಹಬ್ಬಕ್ಕೆ ದೀಪಗಳನ್ನು ಹುಣಸೆಹಣ್ಣಿನಿಂದ ಉಜ್ಜುವ ನಮ್ಮ ಅಜ್ಜಿಯರ ರೂಢಿ ಇಲ್ಲಿ ಎಷ್ಟೋ ವಾಸಿ.

ಇನ್ನೊಂದು ಶತ್ರು ಕಣ್ಣಿಗೆ ಕಾಣದು. ಹಳೆಯ ಕಿಡಿಮದ್ದಿನಲ್ಲಿ ಪಾದರಸ ಇರುತ್ತಿತ್ತು. ಕಪ್ಪು ಮದ್ದಿನ ಕಾಲದಲ್ಲಿ ದಪ್ಪ ಮಸಿ ಅದನ್ನು ಹೀರಿಕೊಳ್ಳುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಪಾದರಸ ನೇರ ಹಿತ್ತಾಳೆಗೆ ಸೇರಿ ಅದನ್ನು ಪೆಡಸು ಮಾಡಿತು. ಖಾಲಿಗಳನ್ನು ಮತ್ತೆ ತುಂಬಿ ಅಭ್ಯಾಸ ನಡೆಸುತ್ತಿದ್ದ ಅಮೆರಿಕದ ಸೇನೆ ಈ ಕಾರಣಕ್ಕೇ ಕಿಡಿಮದ್ದನ್ನು ಬದಲಿಸಿತು.

ಖಡಕಿಯ .303 ಕಾಡತೂಸಿನ ಬುಡದಲ್ಲಿ ಕೆ.ಎಫ್. ಎಂಬ ಮುದ್ರೆ ಇರುತ್ತದೆ. ಅದರೊಳಗೆ ನಡುವೆ ಒಂದು ಪುಟ್ಟ ಅಡಿಗಲ್ಲು, ಅಕ್ಕಪಕ್ಕ ಎರಡು ಕಿಡಿರಂಧ್ರ. ಅಮೆರಿಕದ ಬರ್ಡನ್ ಹುಟ್ಟಿಸಿದ ಈ ವಿನ್ಯಾಸ ಬ್ರಿಟಿಷ್ ಇಂಡಿಯಾದಲ್ಲಿ ನೆಲೆಸಿತು, ಬ್ರಿಟನ್ನಿನ ಬಾಕ್ಸರ್ ಮಾಡಿದ ಒಂದೇ ರಂಧ್ರದ್ದು ಅಮೆರಿಕದಲ್ಲಿ. ಒಂದು ರಂಧ್ರವಿದ್ದರೆ ಸೂಜಿ ತೂರಿಸಿ ಹಳೆಯ ಕಿಡಿಬಿಲ್ಲೆಯನ್ನು ಹೊರದಬ್ಬಬಹುದು. ಖಡಕಿಯದಕ್ಕೆ ನೀರು ತುಂಬಿ ಮೇಲಿಂದ ಗುದ್ದಬೇಕು.