ಸಿಡಿ1 ಅಣುಗಳು

ಲಿಪಿಡ್‌ಗಳನ್ನು, ಎಂದರೆ ಕೊಬ್ಬಿನ ಜಾತಿಯ ಅಣುಗಳನ್ನು, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸಿಕೊಡುವ ಪ್ರೋಟೀನುಗಳು. ಟಿ ಕೋಶಗಳು ಪ್ರೋಟೀನಿನ ತುಣುಕುಗಳನ್ನು ಮಾತ್ರ ಗುರುತಿಸಬಲ್ಲವು ಎಂಬ ಎಣಿಕೆ ಬಹುಕಾಲ ಇತ್ತು. ಕ್ಷಯದ ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಮೈಕಾಲಿಕ್ ಆಮ್ಲವನ್ನು ಸಿಡಿ1ಬಿ ಅಣು ಟಿ ಕೋಶಗಳಿಗೆ ಒಪ್ಪಿಸುತ್ತದೆಂದು 1994ರಲ್ಲಿ ಬಾಸ್ಟನ್ನಿನ ಸಂಶೋಧಕರು ತೋರಿಸಿದ ಮೇಲೆ ಆ ಎಣಿಕೆ ಬಿದ್ದುಹೋಯಿತು.

ಸಿಡಿ1 ಕೆಲಸ ಮಾಡುವ ಬಗೆ ಸೊಗಸಾಗಿದೆ. ಸಿಡಿ1ರ ಹೊರತುದಿಯಲ್ಲಿ ನೀರಿಗೆ ಒಗ್ಗದ ಆಳವಾದ ಕೊರಕಲೊಂದಿದೆ. ಲಿಪಿಡ್‌ನ ಉದ್ದನೆಯ ಬಾಲಗಳು ಅದರೊಳಗೆ ಹುದುಗುತ್ತವೆ, ಸಕ್ಕರೆಯಂಥ ನೀರಿಗೆ ಒಗ್ಗುವ ತಲೆಭಾಗ ಹೊರಗೆ ಉಳಿಯುತ್ತದೆ. ಟಿ ಕೋಶದ ಗ್ರಾಹಕ ಸಾಮಾನ್ಯವಾಗಿ ಗುರುತು ಹಿಡಿಯುವುದು ಈ ತಲೆಯನ್ನೇ. ಸಿಡಿ1ಬಿಯ ಕೊರಕಲಿನಲ್ಲಿ ನಾಲ್ಕು ಕಾಲುವೆಗಳು ಕೂಡಿಕೊಂಡಿವೆ. ಹಾಗಾಗಿ ಸುಮಾರು 80 ಇಂಗಾಲದ ಪರಮಾಣುಗಳಿರುವ ಮೈಕಾಲಿಕ್ ಆಮ್ಲವೂ ಅದರಲ್ಲಿ ಹಿಡಿಸುತ್ತದೆ!

ಮನುಷ್ಯರಲ್ಲಿ ಸಿಡಿ1 ಅಣುಗಳು ಎ, ಬಿ, ಸಿ, ಡಿ, ಇ ಎಂದು ಐದು ಬಗೆ. ಇ ಮಾತ್ರ ಕೋಶದ ಹೊರಮೈಗೆ ಬರುವುದಿಲ್ಲ. ಸಿಡಿ1ಡಿ ಎನ್‌ಕೆಟಿ ಎಂಬ ಬಗೆಯ ಟಿ ಕೋಶಗಳನ್ನು ಎಚ್ಚರಿಸುತ್ತದೆ. ಪ್ರಯೋಗಾಲಯಗಳಲ್ಲಿ ಈ ಕೋಶಗಳನ್ನು ಎಚ್ಚರಿಸಲೆಂದು ಬಳಸುವ ಆಲ್ಫಾ-ಗ್ಯಾಲಕ್ಟೋಸಿಲ್‌ಸೆರಮೈಡ್‌ನ ಮೂಲ ಓಕಿನಾವಾ ಕಡಲಿನ ಒಂದು ಸ್ಪಂಜು. ಸಿಡಿ1 ಅಣುಗಳು ಒಬ್ಬರಿಂದೊಬ್ಬರಿಗೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಲಸಿಕೆ ತಯಾರಿಸುವವರಿಗೂ ಇವುಗಳ ಮೇಲೆ ಕಣ್ಣಿದೆ. ಆದರೆ ಪ್ರಯೋಗದ ಇಲಿಗಳಲ್ಲಿ ಇರುವುದು ಸಿಡಿ1ಡಿ ಒಂದೇ. ಉಳಿದ ಬಗೆಗಳ ಅಧ್ಯಯನಕ್ಕೆ ಮಾಮೂಲಿ ಇಲಿ ಸಾಲದು.